ಬರಿಗೋಲು ಮಡು

ಸುರಗಿ ಹೊಳೆ ಘಟ್ಟ ಇಳಿದು ಪಡುವಣಕ್ಕೆ ತಿರುಗುವಲ್ಲಿ, ಕೋಟೆಗುಡ್ಡದ ಬುಡದಲ್ಲಿ, ಒಂದು ಮಡು ಇದೆ. ಹೆಸರು ಬರಿಗೋಲು ಮಡು. ಅದರ ಮೇಲುಗಡೆ ಮೆಟ್ಟಿಲು ಮೆಟ್ಟಿಲಾಗಿ ಬೀಳುವ ಸಣ್ಣ ಅಬ್ಬಿ. ಕೆಳಗಡೆ ದೋಣಿ ದಾಟಿಸುವ ಕಡವು. ಎಡದಂಡೆಯಲ್ಲಿ ಒಂದು ಕಪ್ಪು ಬಂಡೆ. ಮಳೆಗಾಲದಲ್ಲಿ ಬಂದವರಿಗೆ ಆ ಬಂಡೆಯ ಬಿರುಕುಗಳಲ್ಲಿ ವಾಟೆಬಿದಿರಿನ ಕೋಲುಗಳು ಸಾಲಾಗಿ ಕಾಣುತ್ತವೆ. ಪ್ರತಿ ಕೋಲಿಗೂ ಒಂದು ದಾರ. ದಾರದ ತುದಿಗೆ ಕಾಡುಕೋಳಿಯ ಒಂದು ಗರಿ. ಗಾಳ ಇಲ್ಲ. ಬಂದವರು ಇದನ್ನು ಹರಕೆಯೆಂದು ತಿಳಿದು ಕೈಮುಗಿಯುತ್ತಾರೆ. ಹರಕೆಯಲ್ಲ. ಯಾವನೋ ಸಂನ್ಯಾಸಿ ಇಲ್ಲಿ ಕೋಲೂರಿ ತಪಸ್ಸು ಮಾಡಿದನೆಂದು ಇತ್ತೀಚೆಗೆ ಕೆಲವರು ಹೇಳತೊಡಗಿದ್ದಾರೆ. ಅದೂ ಸುಳ್ಳು. ಹೆಸರಿಗೆ ಕಾರಣವಾದ ಸಂಗತಿಯನ್ನು ಕಡವಿನ ಅಂಬಿಗರ ಕೇರಿಯ ಹಿರಿಯರಿಂದ ಕೇಳಿದ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ. ಅವರಲ್ಲಿ ಒಮ್ಮತವಿಲ್ಲದ ಕಡೆ ಒಮ್ಮತವಿಲ್ಲವೆಂದೇ ಹೇಳಿದ್ದೇನೆ.

ಹಿಂದೆ ಒಮ್ಮೆ, ಕೋಟೆಗುಡ್ಡದ ಮೇಲೆ ಕೋಟೆ ಇನ್ನೂ ನಿಂತಿದ್ದ ಕಾಲದಲ್ಲಿ, ಈ ಸೀಮೆಯನ್ನು ಚೆನ್ನರಸ ನಾಯಕನೆಂಬವನು ಆಳುತ್ತಿದ್ದ. ಮಡುವಿಗೆ ಆಗ ಅರಸುಮಡು ಎಂದು ಹೆಸರು. ಕೇರಿಯಲ್ಲಿ ಹನುಮಿ ಎಂಬ ವಿಧವೆ ಇದ್ದಳು. ಗರಿಗಾಳದಲ್ಲಿ ಅವಳನ್ನು ಮೀರಿಸಿದವರು ಇರಲಿಲ್ಲ ಎನ್ನುತ್ತಾರೆ. ಗರಿಗಾಳವೆಂದರೆ ಎರೆಹುಳು ಸಿಕ್ಕಿಸಿ ನೀರಿಗೆ ಬಿಟ್ಟು ತೂಕಡಿಸುವ ಗಾಳವಲ್ಲ. ಕೊಕ್ಕೆಗೆ ಗರಿಯನ್ನು ಬಾಳೆನಾರಿನಿಂದ ಬಿಗಿದು, ಹುಳುವಿನ ಆಕಾರ ಕೊಟ್ಟು, ಕುದುರೆಬಾಲದ ಕೂದಲನ್ನು ಹೊಸೆದ ದಾರದ ತುದಿಯಲ್ಲಿ ನೀರಿನ ಮೇಲೆಯೇ ಕುಣಿಸಬೇಕು. ಬಿಳಿಮೀನು ಅದನ್ನು ರೆಕ್ಕೆಹುಳುವೆಂದು ನಂಬಿ ಮೇಲಕ್ಕೆ ಬರಬೇಕು. ಕಾರ್ತಿಕದಲ್ಲಿ ನೀರು ತಿಳಿಯಾದಾಗ ಅವಳದು ಬಿಳಿಗರಿ. ಮಾಘದ ಚಳಿಯಲ್ಲಿ ಮೀನು ಮಂದವಾಗಿರುತ್ತದೆ. ಆಗ ಕಂದುಗರಿ, ಅದೂ ಬಿಸಿಲೇರಿದ ಮೇಲೆ. ವೈಶಾಖದಲ್ಲಿ ನೀರು ಇಳಿದು ಮೀನಿಗೆ ಮನುಷ್ಯನ ನೆರಳು ಕಾಣುತ್ತದೆ. ಆಗ ಬಂಡೆಯ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಕೆಂಪುಗರಿ. ಮೃಗಶಿರ ಮಳೆ ಬಿದ್ದು ಹೊಳೆ ಕೆಂಪಾದ ದಿನ ಎಲ್ಲವೂ ನಿಲ್ಲುತ್ತಿತ್ತು. ಬಸುರಿ ಮೀನುಗಳು ಕೆಳಹೊಳೆಯಿಂದ ಮಡುವಿಗೆ ಬಂದು, ಅಬ್ಬಿಯ ಮೆಟ್ಟಿಲು ಹಾರಿ, ಮೇಲಿನ ತೊರೆಗಳ ಮರಳಿನಲ್ಲಿ ಮೊಟ್ಟೆಯಿಡಲು ಹೋಗುವ ಕಾಲ ಅದು. ಕೇರಿಯ ಪ್ರತಿ ಮನೆಯವರೂ ಗಾಳಗಳಿಗೆ ಎಣ್ಣೆ ಸವರಿ, ತೆಂಗಿನ ಕರಟದಲ್ಲಿಟ್ಟು, ಒಲೆಯ ಮೇಲೆ ತೂಗುಹಾಕುತ್ತಿದ್ದರು. ದೀಪಾವಳಿಯವರೆಗೆ ಕರಟ ಇಳಿಯುತ್ತಿರಲಿಲ್ಲ.

ಈ ಕ್ರಮವನ್ನು ನಾಯಕನ ಕಡೆಯವರು ಒಮ್ಮೆ ಮುರಿದಿದ್ದರು. ಅಬ್ಬಿ ಹಾರಲು ಬಂದ ಮೀನುಗಳನ್ನು ಕೋಟೆಯ ಆಳುಗಳು ದೊಣ್ಣೆಯಿಂದ ಬಡಿದು ಬುಟ್ಟಿಗಟ್ಟಲೆ ಹೊತ್ತುಕೊಂಡು ಹೋದರು. ಮುಂದಿನ ವರ್ಷ ಮಡುವಿನಲ್ಲಿ ಮೀನು ಇರಲಿಲ್ಲ. ಅದರ ಮುಂದಿನ ವರ್ಷವೂ ಇರಲಿಲ್ಲ. ಕೇರಿಯ ಮಕ್ಕಳು ಕೆಸುವಿನ ಸೊಪ್ಪು ಬೇಯಿಸಿ ತಿಂದು ಗಂಟಲು ಕೆರೆದುಕೊಂಡು ಬೆಳೆದರು. ಅಷ್ಟಾದ ಮೇಲೆ, ಒಂದು ಮಳೆಗಾಲ, ಒಂದೇ ಒಂದು ದೊಡ್ಡ ಹೆಣ್ಣುಮೀನು ಮಡುವಿಗೆ ಬಂದು ಅಬ್ಬಿಯ ಕೆಳಗೆ ತಿರುಗಾಡುವುದು ಕಂಡಿತು. ಹಿಂದೆ ನಾಲ್ಕಾರು ಚಿಕ್ಕವು. ಕೇರಿಗೆ ಅದು ಮೀನಲ್ಲ. ಮುಂದಿನ ವರ್ಷದ ಊಟ.

ಅದೇ ಶ್ರಾವಣದಲ್ಲಿ ಮೇಲಿನ ಸಂಸ್ಥಾನದ ದಳವಾಯಿ ಕೋಟೆಗೆ ಬರುವವನಿದ್ದ. ಸುರಗಿ ಹೊಳೆಯ ದೊಡ್ಡ ಮೀನನ್ನು ಅವನಿಗೆ ಇಡಿಯಾಗಿ ಹರಿವಾಣದಲ್ಲಿ ಬಡಿಸಬೇಕೆಂದು ನಾಯಕ ನಿಶ್ಚಯಿಸಿದ. ಪ್ರವಾಹದಲ್ಲಿ ಬಲೆ ನಿಲ್ಲುವುದಿಲ್ಲ. ಆದುದರಿಂದ ಆಜ್ಞೆ ಕೋಟೆಯ ಗಾಳಗಾರನಾದ ಬೀರನಿಗೆ ಹೋಯಿತು. ಬೀರ ಹನುಮಿಯ ತಮ್ಮನ ಮಗ. ಅವನಿಗೆ ವಿದ್ಯೆ ಕಲಿಸಿದವಳೂ ಅವಳೇ. ಇದು ಏರುಮೀನಿನ ಕಾಲ, ಮೊಟ್ಟೆಗೆ ಮೇಲೇರುವ ಮೀನನ್ನು ಹಿಡಿಯುವಂತಿಲ್ಲವೆಂದು ಬೀರ ತಗ್ಗಿದ ದನಿಯಲ್ಲಿ ಹೇಳಿದ. ಹೊಳೆ ತನ್ನದಾದ ಮೇಲೆ ಕಾಲವೂ ತನ್ನದೇ ಎಂದು ನಾಯಕ ಉತ್ತರಿಸಿದ. ಬೀರ ಕೇರಿಗೆ ಬಂದು ಅತ್ತೆಯ ಜಗಲಿಯಲ್ಲಿ ಕುಳಿತ.

“ನಾನು ಎಂತ ಮಾಡಲಿ ಅತ್ತೆ? ಉಣ್ಣುವುದು ಕೋಟೆಯ ಅನ್ನ.”

“ಅನ್ನ ಕೋಟೆಯದು, ಹೌದು. ಅದಕ್ಕೆ ನಂಜಿಕೊಳ್ಳುವುದು ಯಾರದು?”

ಹನುಮಿ ಅಷ್ಟಕ್ಕೇ ಬಿಟ್ಟಳು.

ಇಲ್ಲಿ ಒಂದು ಕಟ್ಟಳೆಯನ್ನು ತಿಳಿಸಬೇಕು. ಬಂಡೆಯ ಮೇಲೆ ಯಾರು ಮೊದಲು ಕೋಲು ನೆಡುತ್ತಾರೋ ಮಡು ಅವರದು. ಅವರು ಬಂಡೆಯಿಂದ ಇಳಿಯುವತನಕ ಇನ್ನೊಬ್ಬರು ಅಲ್ಲಿ ದಾರ ಬಿಡುವಂತಿಲ್ಲ. ಇದು ಕೇರಿಯ ಹಳೆಯ ರೂಢಿ. ಮಡುವಿನಲ್ಲಿ ಮೀನಿದ್ದ ಕಾಲದಲ್ಲಿ ಒಮ್ಮೆ ನಾಯಕನ ಭಾವಮೈದುನನೇ ಇದನ್ನು ಮೀರಿ ಜಗಳವಾದಾಗ, ನಾಯಕ ರೂಢಿಯನ್ನು ಎತ್ತಿಹಿಡಿದು, ಭಾವಮೈದುನನ ಕೋಲನ್ನು ಪೇಟೆಯ ನಡುವೆ ಸುಡಿಸಿ, ಕಟ್ಟಳೆಯನ್ನು ಸೀಮೆಗೆಲ್ಲ ಡಂಗುರ ಸಾರಿಸಿದ್ದ. ತನ್ನ ನ್ಯಾಯದ ವಿಷಯದಲ್ಲಿ ಅವನಿಗೆ ಹೆಮ್ಮೆಯಿತ್ತು.

ಮರುದಿನ ಬೆಳಗ್ಗೆ ನಾಯಕ ಬೀರನನ್ನೂ ಆಳುಗಳನ್ನೂ ಕರೆದುಕೊಂಡು ಮಡುವಿಗೆ ಬಂದಾಗ ಬಂಡೆಯ ಮೇಲೆ ಹನುಮಿ ಇದ್ದಳು. ಮಳೆಗೆ ಎಲೆಯ ಗೊರಬು ಹೊದ್ದಿದ್ದಳು. ಮುಂದೆ ಕೋಲು ನೆಟ್ಟಿತ್ತು. ಗರಿ ನೀರಿನ ಮೇಲೆ ಆಡುತ್ತಿತ್ತು.

“ಏನೇ ಹನುಮಿ, ಊರಿಗೆಲ್ಲ ಕಾಲ ಹೇಳುವವಳು ನೀನು. ನಿನಗೇ ನಾಲಗೆ ತಡೆಯಲಿಲ್ಲವೋ?” ಎಂದು ನಾಯಕ ನಕ್ಕ.

“ಕೋಲು ನೆಟ್ಟಿದ್ದೇನೆ ಒಡೆಯಾ. ನೆಟ್ಟ ಕೋಲಿಗೆ ನಿಮ್ಮದೇ ಕಟ್ಟಳೆ ಉಂಟು.”

“ಉಂಟು. ಮೀನು ಹಿಡಿದು ಕೊಟ್ಟು ಇಳಿ.”

ಆ ಹೊತ್ತಿಗೆ ನೀರು ಒಡೆಯಿತು. ದೊಡ್ಡ ಮೀನು ಎಲ್ಲರ ಕಣ್ಣೆದುರು ಅರ್ಧ ಮೈ ಮೇಲೆತ್ತಿ ಗರಿಯನ್ನು ಕಚ್ಚಿತು. ದಾರ ಬಿಗಿಯಿತು. ಕೋಲು ಬಾಗಿತು. ಮರುಕ್ಷಣ ದಾರ ಸಡಿಲವಾಯಿತು. ಮೀನು ಗರಿಯನ್ನು ಉಗುಳಿ ಕೆಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮತ್ತೆ ಕಚ್ಚಿತು, ಮತ್ತೆ ಹೋಯಿತು. ಮುದುಕಿಯ ಕೈ ಕೆಟ್ಟಿತೆಂದು ಆಳುಗಳು ಆಡಿಕೊಂಡರು. ಬೀರ ಮಾತ್ರ ನಗಲಿಲ್ಲ. ನಾಯಕ ಬಂಡೆ ಹತ್ತಿ ದಾರವನ್ನು ಎಳೆದು ನೋಡಿದ.

“ಗಾಳ ಎಲ್ಲಿ?”

“ಮನೆಯಲ್ಲಿ, ಒಲೆಯ ಮೇಲೆ. ದೀಪಾವಳಿಗೆ ಇಳಿಸುತ್ತೇನೆ.”

ಗಾಳವಿಲ್ಲದ ಕೋಲು ಕೋಲಲ್ಲವೆಂದು ನಾಯಕ ಹೇಳಬಹುದಿತ್ತು. ಆದರೆ ಡಂಗುರದಲ್ಲಿ ಗಾಳದ ಮಾತು ಬಂದಿರಲಿಲ್ಲ. ಕಡವಿನಲ್ಲಿ ಜನ ಸೇರಿದ್ದರು. ಭಾವಮೈದುನನೂ ಅಲ್ಲಿಯೇ ನಿಂತು ನೋಡುತ್ತಿದ್ದ. ನಾಯಕ ಬೇರೆ ದಾರಿ ಹಿಡಿದ. ಮುದುಕಿಗೆ ಯಾರೂ ಗಂಜಿ ಒಯ್ಯಕೂಡದು. ಅವಳು ಇಳಿದ ಕೂಡಲೇ ಬೀರ ಗಾಳ ಬಿಡಬೇಕು. ಅಲ್ಲಿಯವರೆಗೆ ಕೋಲು ಹಿಡಿದು ದಂಡೆಯಲ್ಲೇ ನಿಂತಿರಬೇಕು. ಹಾಗೆ ಹೇಳಿ ಕೋಟೆಗೆ ಹೋದ. ಹನುಮಿ ಬಂಡೆಯ ಮೇಲೆ ಉಳಿದಳು. ಮಳೆ ಬಿಡಲಿಲ್ಲ. ಬೀರ ದಂಡೆಯಲ್ಲಿ ನಿಂತು, ತನ್ನನ್ನು ಎತ್ತಿ ಆಡಿಸಿದ ಅತ್ತೆ ಹಸಿದು ಮುದುಡುವುದನ್ನು ದಿನಗಟ್ಟಲೆ ನೋಡಬೇಕಾಯಿತು. ಅವಳು ಅವನನ್ನು ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಒಮ್ಮೆ ಮಾತ್ರ ತಿರುಗಿ ಹೇಳಿದಳು ಎನ್ನುತ್ತಾರೆ: “ಬೀರಾ, ಕೋಲು ಓರೆಯಾಗಿ ಉಂಟು. ಹಾಗೆ ಹಿಡಿದರೆ ದಾರ ಸಿಕ್ಕಾಗುತ್ತದೆ. ಇಷ್ಟು ಕಲಿಸಿದ್ದು ದಂಡವೇ?”

ದಳವಾಯಿ ಬಂದ ದಿನ ಹನುಮಿಗೆ ಎಚ್ಚರ ತಪ್ಪಿತು. ಆಳುಗಳು ಅವಳನ್ನು ಎತ್ತಿ ದಂಡೆಯಲ್ಲಿ ಮಲಗಿಸಿದರು. ನಾಯಕ ಅತಿಥಿಯನ್ನು ಮಡುವಿಗೇ ಕರೆತಂದು ಬಂಡೆಯ ಪಕ್ಕದಲ್ಲೇ ಛತ್ರಿಯ ಕೆಳಗೆ ಕುಳ್ಳಿರಿಸಿದ್ದ. ಮೀನು ಹಿಡಿಯುವುದನ್ನು ತೋರಿಸುವ ಉದ್ದೇಶವಿತ್ತು. ಪಕ್ಕದಲ್ಲಿ ಒಬ್ಬ ಆಳು ಬಾಳೆಲೆ ಹಾಸಿದ ಹಿತ್ತಾಳೆಯ ಹರಿವಾಣ ಹಿಡಿದು ನಿಂತಿದ್ದ. ಕೋಲಿನ ಒಡತಿ ಬಂಡೆಯಿಂದ ಇಳಿದಂತಾಯಿತು ಎಂದು ನಾಯಕ ಸಾರಿದ. ಅವಳ ಕೋಲನ್ನು ತಾನೇ ಕಿತ್ತು, ಮೊಣಕಾಲಿಗೆ ಕೊಟ್ಟು ಮುರಿದು, ಹೊಳೆಗೆ ಎಸೆದ. ಬೀರನಿಗೆ ಕೈಸನ್ನೆ ಮಾಡಿದ.

ಬೀರ ಬಂಡೆ ಹತ್ತಿದ. ಅತ್ತೆಯ ಕೋಲು ಇದ್ದ ಬಿರುಕಿನಲ್ಲಿಯೇ ತನ್ನ ಕೋಲನ್ನು ನೆಟ್ಟ. ದಾರದ ತುದಿಯನ್ನು ಬಾಯಿಗೆ ತಂದು ನಾರಿನ ಕಟ್ಟನ್ನು ಹಲ್ಲಿನಿಂದ ಬಿಡಿಸಿ ಗಾಳವನ್ನು ಬೇರೆ ಮಾಡಿದ. ಗರಿಯನ್ನು ಮಾತ್ರ ಮತ್ತೆ ಕಟ್ಟಿ ನೀರಿಗೆ ಬಿಟ್ಟ. ಅನಂತರ ಕೆಳಗಿಳಿಯದೆ, ಬಂಡೆಯ ಅಂಚಿನಿಂದಲೇ ಕೈ ಚಾಚಿ, ಆ ಗಾಳವನ್ನು ಹರಿವಾಣದ ಬಾಳೆಲೆಯ ನಡುವೆ ಇಟ್ಟ.

“ಈ ತಿಂಗಳು ಹೊಳೆ ಕೊಡುವುದು ಇಷ್ಟೇ ಒಡೆಯಾ.”

ಅಷ್ಟರಲ್ಲಿ ಕೇರಿಯಿಂದ ಜನ ಒಬ್ಬೊಬ್ಬರಾಗಿ ಹೊರಟರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಕೋಲು. ಕೋಲಿಗೆ ಗರಿ ಉಂಟು, ಗಾಳ ಇಲ್ಲ. ಬೀರನ ಅಪ್ಪಣೆ ಕೇಳಿ, ಅವನ ಕೋಲಿನ ಪಕ್ಕದಲ್ಲಿ ನೆಟ್ಟು, ಕೋಲಿನ ಬಳಿಯೇ ಕುಳಿತರು. ಒಂದು ಕೋಲು ಮುರಿಯುವುದು ಸುಲಭ. ಅತಿಥಿಯ ಎದುರಿಗೆ ಕೇರಿಯಷ್ಟು ಕೋಲುಗಳನ್ನು ಮುರಿಯುತ್ತ ಕೂರುವುದು ನಾಯಕನಾದವನಿಗೆ ಆಗದು. ದಳವಾಯಿ ಇದನ್ನು ನೋಡಿ ಮೆಚ್ಚಿ ಉಡುಗೊರೆ ಕೊಟ್ಟನೆಂದು ಕೆಲವರು ಹೇಳುತ್ತಾರೆ. ಹಿರಿಯರು ಅದನ್ನು ಒಪ್ಪುವುದಿಲ್ಲ. ಅವನು ಕೋಟೆಗೆ ಹೋಗಿ ಹುರುಳಿ ಸಾರಿನಲ್ಲಿ ಉಂಡು, ಮಳೆ ನಿಂತ ಕೂಡಲೇ ಹೊರಟನು. ಅಷ್ಟೇ. ದೊಡ್ಡ ಮೀನು ಅದೇ ವಾರ ಅಬ್ಬಿ ಹಾರಿತು.

ನಾಯಕ ಸುಮ್ಮನಿರಲಿಲ್ಲ. ಅದನ್ನೂ ಹೇಳಬೇಕು. ಬೀರನ ಅನ್ನ ಹೋಯಿತು. ಕಡವಿನ ಹಕ್ಕನ್ನು ಕಿತ್ತು ಹೊರಗಿನವರಿಗೆ ಕೊಡಲಾಯಿತು. ಅಂಬಿಗರು ತಮ್ಮದೇ ಹೊಳೆಯನ್ನು ಬೇರೆಯವರ ದೋಣಿಯಲ್ಲಿ ದಾಟಿದರು. ಆ ನಾಯಕ ಸತ್ತ ಮೇಲೆಯೇ ಹಕ್ಕು ಮರಳಿತು. ಅಲ್ಲಿಯವರೆಗೆ ಕೇರಿಯಲ್ಲಿ ಒಬ್ಬರೂ ಕ್ಷಮೆ ಕೇಳಲು ಕೋಟೆ ಹತ್ತಲಿಲ್ಲ. ಮಳೆಗಾಲದಲ್ಲಿ ಒಬ್ಬರೂ ಕರಟ ಇಳಿಸಲಿಲ್ಲ. ಹನುಮಿ ಬದುಕಿಕೊಂಡಳು, ಆದರೆ ಮತ್ತೆ ನೆಟ್ಟಗೆ ನಡೆಯಲಿಲ್ಲ. ದೀಪಾವಳಿಯ ಬೆಳಗ್ಗೆ ಬೀರ ಅವಳ ಒಲೆಯ ಮೇಲಿನ ಕರಟವನ್ನು ಇಳಿಸಿಕೊಟ್ಟ. ಅವಳು ಮಲಗಿದಲ್ಲಿಯೇ ಬಿಳಿಗರಿ ಕಟ್ಟಿದಳು. ಅವನು ಮಡುವಿಗೆ ಹೋಗಿ ಒಂದು ಮಧ್ಯಮ ಗಾತ್ರದ ಗಂಡುಮೀನು ತಂದ. ಅದನ್ನು ಏನು ಮಾಡಲೆಂದು ಕೇಳಿದ.

“ಕೋಟೆಗೆ ಕೊಟ್ಟು ಬಾ,” ಎಂದಳು ಹನುಮಿ. “ಇದು ಅದರ ಕಾಲ ಎಂದು ಹೇಳು. ಕೈ ಮುಗಿಯಬೇಡ.”

ಬೀರ ಹಾಗೆಯೇ ಮಾಡಿದ. ನಾಯಕ ಉಂಡನೋ ಬಿಟ್ಟನೋ ತಿಳಿಯದು.

ಈಗ ಕೋಟೆಗುಡ್ಡದ ಮೇಲೆ ಕೋಟೆಯಿಲ್ಲ. ಕಲ್ಲುಗಳ ನಡುವೆ ಲಂಟಾನ ಬೆಳೆದಿದೆ. ಅರಸುಮಡು ಎಂಬ ಹೆಸರನ್ನು ಯಾರೂ ಹೇಳುವುದಿಲ್ಲ. ಕೋಲುಗಳು ಇವೆ. ಮೃಗಶಿರ ಮಳೆಯ ದಿನ ಕೇರಿಯ ಪ್ರತಿ ಮನೆಯವರೂ ಒಂದು ಕೋಲು ತಂದು ನೆಡುತ್ತಾರೆ, ದೀಪಾವಳಿಯಂದು ಕೀಳುತ್ತಾರೆ. ಗ್ಯಾಸ್ ಒಲೆ ಬಂದ ಮನೆಗಳಲ್ಲೂ ಒಲೆಯ ಮೇಲೆ ಕರಟ ತೂಗುತ್ತದೆ. ಬಂಡೆಯ ನಡುವಿನ ಅಗಲವಾದ ಬಿರುಕನ್ನು ಮೊದಲು ಬೀರನ ವಂಶದವರು ತುಂಬುತ್ತಾರೆ, ಉಳಿದವರದು ಆಮೇಲೆ. ನೋಡಲು ಬರುವವರು ಬಂಡೆಯ ಕೆಳಗೆ ನಿಲ್ಲಬೇಕು. ಕೋಲನ್ನು ಮುಟ್ಟಬಾರದು. ತಾವು ತಂದ ಗಾಳವಿದ್ದರೆ ಚೀಲದಿಂದ ತೆಗೆಯಬಾರದು. ತಾಳ್ಮೆಯಿಂದ ನಿಂತವರಿಗೆ ಒಂದು ಮೀನು ಕೆಂಪು ನೀರನ್ನು ಒಡೆದು ಮೇಲೆ ಬಂದು, ಗರಿಯನ್ನು ಕಚ್ಚಿ, ಉಗುಳಿ, ಅಬ್ಬಿಯ ಕಡೆಗೆ ತಿರುಗುವುದು ಕಾಣುತ್ತದೆ.