ಒಂಬತ್ತು ಕೊಡ ಹಾಲು

ಹೊಳೆದಂಡೆಯ ಆಶ್ರಮದಲ್ಲಿ ನಿಜಗುಣಯ್ಯ ಎಂಬ ಗುರುಗಳು ಗಣಿತ ಹೇಳಿಕೊಡುತ್ತಿದ್ದರು. ಅವರ ಬಳಿ ಸೂತ್ರಗಳ ಹಳೆಯ ಕೈಪಿಡಿಯೊಂದಿತ್ತು. ರಟ್ಟು ಕಿತ್ತುಹೋಗಿ, ಹಾಳೆಗಳು ಹಪ್ಪಳವಾಗಿದ್ದವು.

ಶಿಷ್ಯ ಶಂಭುಲಿಂಗ ಮೂರು ವರ್ಷ ಪಟ್ಟು ಹಿಡಿದು ಅದನ್ನೆಲ್ಲ ಟ್ಯಾಬಿಗೆ ಏರಿಸಿದ.

"ಗುರುಗಳೇ, ಇನ್ನು ಹಾಳೆ ತಿರುವೋ ಕಷ್ಟ ಇಲ್ಲ. ಬೆರಳಿಟ್ಟರೆ ಸೂತ್ರವೂ ಬರುತ್ತೆ, ಉತ್ತರವೂ ಬರುತ್ತೆ. ನಾನಿನ್ನು ಪಾಠ ಹೇಳೋಕೆ ಹೊರಡಲಾ?"

ಹೊರಡುವ ಶಿಷ್ಯ ದಾಸೋಹದ ಕೊಪ್ಪರಿಗೆಗೆ ಎಷ್ಟು ಹಾಲು ಹಿಡಿಯುತ್ತದೆಂದು ಲೆಕ್ಕ ಹಾಕಿ, ಅಷ್ಟನ್ನೇ ತರಿಸಿ ತುಂಬಬೇಕು. ಅದು ಅಲ್ಲಿನ ಪದ್ಧತಿ. ತಪ್ಪಿದರೆ ಇನ್ನೊಂದು ವರ್ಷ ಅಲ್ಲೇ.

"ಕೊಪ್ಪರಿಗೆ ಅಳೆ," ಎಂದರು ಗುರುಗಳು.

ಅರ್ಧ ಚೆಂಡಿನಂಥ ಕೊಪ್ಪರಿಗೆ. ಶಂಭುಲಿಂಗ ಅದರ ಬಾಯಿ ಅಳೆದು ಟ್ಯಾಬ್ ಒತ್ತಿದ.

"ಒಂಬತ್ತು ಕೊಡ!"

ಅಡುಗೆಯ ಗೌರಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ಅಯ್ಯೋ, ಇಪ್ಪತ್ತು ವರ್ಷದಿಂದ ನಾನು ಮೂರೇ ಕೊಡ ಹೊಯ್ತಿದೀನಲ್ಲಪ್ಪಾ!"

"ನಿಮಗೆ ಸೂತ್ರ ಗೊತ್ತಿಲ್ಲ, ಅಮ್ಮಾ."

ಹಾಲು ಬಂತು. ಮೂರನೆಯ ಕೊಡಕ್ಕೆ ಕೊಪ್ಪರಿಗೆ ಕಂಠಮಟ್ಟ ತುಂಬಿತು. ನಾಲ್ಕನೆಯದು ಒಲೆ ಸೇರಿತು. ಐದನೆಯದಕ್ಕೆ ಆಶ್ರಮದ ಬೆಕ್ಕುಗಳೆಲ್ಲ ಬಂದವು.

"ಇನ್ನೆಷ್ಟು ಹಿಡಿಯುತ್ತೆ?" ಗುರುಗಳು ಕೇಳಿದರು.

ಶಂಭುಲಿಂಗ ಟ್ಯಾಬ್ ನೋಡಿದ. "ಇನ್ನೂ ನಾಲ್ಕು ಕೊಡ, ಗುರುಗಳೇ."

"ಅದನ್ನ ಹಾಲಿಗೆ ಹೇಳು."

ಶಂಭುಲಿಂಗನಿಗೆ ಅಳುವೇ ಬಂತು. ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಗುರುಗಳು ಕೈಪಿಡಿ ಬಿಚ್ಚಿದರು. "ಈ ಸೂತ್ರದ ಪಕ್ಕ ಏನಿದೆ?"

"ಪೆನ್ಸಿಲ್ ಗೀಚು. ಕೊಳೆ ಅಂತ ಬಿಟ್ಟುಬಿಟ್ಟೆ."

"ಓದು."

"'ಅಚ್ಚು ತಪ್ಪಿದೆ. ಮೂರರಿಂದ ಭಾಗಿಸು. ಹಾಲು ಚೆಲ್ಲಿತು.'"

"ಅದು ನನ್ನ ಗುರುಗಳ ಅಕ್ಷರ. ಅದರ ಕೆಳಗೆ?"

"'ನನ್ನದೂ ಚೆಲ್ಲಿತು.' ಇದು ಯಾರದು, ಗುರುಗಳೇ?"

"ನಂದೇ. ಅಚ್ಚಿನ ಮುಂದೆ ಪೆನ್ಸಿಲ್ ಏನು ಮಹಾ ಅಂದುಕೊಂಡಿದ್ದೆ."

ಶಂಭುಲಿಂಗ ತಲೆ ತಗ್ಗಿಸಿದ. "ಹಾಗಾದ್ರೆ ನಾನು ಇನ್ನೊಂದು ವರ್ಷ ಇಲ್ಲೇ ಇರಬೇಕಾ?"

ಗುರುಗಳು ಹಾಲಲ್ಲಿ ನೆನೆದ ಪಂಚೆಯ ಅಂಚು ಹಿಂಡಿಕೊಂಡರು.

"ಮೊದಲು ನೆಲ ಒರೆಸು. ಆಮೇಲೆ ಆ ಟ್ಯಾಬಿನ ಪುಟಕ್ಕೂ ಒಂದು ಅಂಚು ಬಿಟ್ಟು, ನಮ್ಮಿಬ್ಬರ ಗೀಚಿನ ಕೆಳಗೆ ನಿನ್ನ ಹಾಲನ್ನೂ ಬರಿ. ಬರೆದ ದಿನ ಹೊರಡು."