ನಾಲ್ಕು ಮಣೆಯ ಸಿರಿಯಕ್ಕ

ಒಂದಾನೊಂದು ಊರು. ಊರು ಅಂದರೆ ಇಡೀ ಊರು, ಅರ್ಧ ಊರಲ್ಲ. ಅದರ ಹೆಸರು ಅಡ್ಡತಿಟ್ಟು. ಅಲ್ಲಿ ಬುಟ್ಟಿ ಹೆಣೆಯುವ ಈರಗ್ಯಾತಯ್ಯ ಅಂತ ಒಬ್ಬನಿದ್ದ. ಅವನ ಹೆಂಡತಿ ಸಿರಿಯಕ್ಕ. ಮಗಳು ಜುಂಜಮ್ಮ, ಹದಿನೆಂಟು ತುಂಬಿದವಳು. ಮನೆಯಲ್ಲಿದ್ದವರು ಮೂರು ಜನ. ಊಟಕ್ಕೆ ಕೂತರೆ ಆರು ಜನ.

ಅದು ಹೇಗೆ ಅಂತ ಜುಂಜಮ್ಮನಿಗೇ ಸರಿಯಾಗಿ ಗೊತ್ತಿರಲಿಲ್ಲ, ನಿಮಗೆ ಹೇಗೆ ಹೇಳಲಿ? ಆದರೂ ಹೇಳುತ್ತೇನೆ.

ಸಿರಿಯಕ್ಕ ಬೆಳಿಗ್ಗೆ ಎದ್ದು ರೊಟ್ಟಿ ತಟ್ಟುವಳು. ಮೂರನೇ ರೊಟ್ಟಿ ಹಂಚಿನ ಮೇಲಿರುವಾಗ ಅವಳ ಬೆನ್ನು ನೆಟ್ಟಗಾಗುವುದು. ದನಿ ದಪ್ಪಗಾಗುವುದು. “ಯಾರಲ್ಲಿ! ಬಾಗಿಲು ತೆಗೆದಿಟ್ಟವರು ಯಾರು?” ಅಂತ ಗುಡುಗುವಳು. ಆಗ ಅವಳು ಸಿರಿಯಕ್ಕ ಅಲ್ಲ, ಹವಾಲ್ದಾರ್ ಕೊಂಡೋಜಿ. ಕೊಂಡೋಜಿಗೆ ಮೀಸೆ ಇರಲಿಲ್ಲ. ಆದರೂ ತಿರುವುತ್ತಿದ್ದ. ಅಷ್ಟರಲ್ಲಿ ರೊಟ್ಟಿ ಸೀದು ಕರಕಲಾಗುತ್ತಿತ್ತು.

ಮಧ್ಯಾಹ್ನಕ್ಕೆ ಕೊಂಡೋಜಿ ಹೋಗಿ ದೊರೆಸಾನಿ ಚಂಪಾಂಬೆ ಬರುತ್ತಿದ್ದಳು. ಅವಳು ಮುದ್ದೆಯನ್ನು ಕಂಡರೆ ಮೂಗು ಮುರಿಯುವಳು. “ನಮ್ಮ ಅರಮನೆಯಲ್ಲಿ ಇದನ್ನು ಚೆಂಡಾಡೋಕೆ ಇಟ್ಕೋತಿದ್ವಿ” ಅನ್ನುವಳು. ಹೊತ್ತು ಇಳಿದ ಮೇಲೆ ಚಿಟ್ಟಿ. ಚಿಟ್ಟಿಗೆ ಏಳು ವರ್ಷ. ಅವಳಿಗೆ ಬೆಲ್ಲ ಬೇಕು, ಇಲ್ಲದಿದ್ದರೆ ಬುಟ್ಟಿಯೊಳಗೆ ಕೂತು ಹೊರಗೆ ಬರುತ್ತಿರಲಿಲ್ಲ. ಸಂಜೆಗೆ ಸಿರಿಯಕ್ಕ ಮರಳಿ ಬಂದು, “ಅಯ್ಯೋ, ರೊಟ್ಟಿ ಸೀಸಿದ್ಯಾರು? ಬೆಲ್ಲ ತಿಂದಿದ್ಯಾರು?” ಅಂತ ಕೇಳುವಳು.

“ನೀನೇ ಕಣವ್ವ” ಅನ್ನುತ್ತಿದ್ದಳು ಜುಂಜಮ್ಮ.

“ನಾನಾ? ನಾನು ಈಗ ತಾನೆ ಬಂದೆ.”

ಈರಗ್ಯಾತಯ್ಯ ಹೆಚ್ಚು ಮಾತಿನವನಲ್ಲ. ಹಲಸಿನ ಮರ ಕೊಯ್ಯಿಸಿ ಹೆಂಡತಿಗೆ ನಾಲ್ಕು ಮಣೆ ಮಾಡಿಸಿದ. ಒಂದು ಸಿರಿಯಕ್ಕನಿಗೆ, ಒಂದು ಹವಾಲ್ದಾರನಿಗೆ, ಒಂದು ದೊರೆಸಾನಿಗೆ, ಒಂದು ಸಣ್ಣದು ಚಿಟ್ಟಿಗೆ. ಯಾರು ಬಂದರೂ ಅವರವರ ಮಣೆ ಹಾಕುವನು, ಊಟ ಬಡಿಸುವನು, ಬುಟ್ಟಿ ಹೆಣೆಯಲು ಕೂರುವನು.

ಊರಿನವರಿಗೆ ಇದು ಒಳ್ಳೆಯ ಮೋಜಾಯಿತು. ದಿನಾ ಕಡಲೆಕಾಯಿ ಹಿಡಿದು ಬಂದು ಕಿಟಕಿಯ ಹೊರಗೆ ಸಾಲಾಗಿ ಕೂರುತ್ತಿದ್ದರು. “ಇವತ್ತು ಮೊದಲು ಯಾರು ಬರ್ತಾರೆ?” “ನಿನ್ನೆ ದೊರೆಸಾನಿ ಕೋಪ ಮಾಡ್ಕೊಂಡು ಎದ್ದಿದ್ಳಲ್ಲ, ಅಲ್ಲಿಂದ ಮುಂದಕ್ಕೆ.” ಅವರು ನಗಬೇಕಾದಲ್ಲಿ ನಗುತ್ತಿದ್ದರು, ಅಳಬೇಕಾದಲ್ಲಿಯೂ ನಗುತ್ತಿದ್ದರು. ಜುಂಜಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಿಟಕಿಗೆ ಚಾಪೆ ಕಟ್ಟಿದರೆ ಚಾಪೆಗೆ ತೂತು ಮಾಡುತ್ತಿದ್ದರು. ಈ ಮೂವರೂ ಎಲ್ಲಾದರೂ ಹೊರಟುಹೋಗಲಿ, ನನ್ನವ್ವ ಒಬ್ಬಳೇ ನನಗೆ ಸಾಕು ಅಂತ ಅವಳು ಮನಸ್ಸಿನಲ್ಲೇ ದಿನಾ ಅಂದುಕೊಳ್ಳುತ್ತಿದ್ದಳು.

ಈಗ ರಾಜನ ವಿಷಯ. ಆ ರಾಜ್ಯಕ್ಕೆ ಆಸನಪ್ಪ ಮಹಾರಾಜ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ಮಣೆಯದೊಂದೇ ಚಿಂತೆ. ರಾಜ್ಯದಲ್ಲಿ ಎಲ್ಲೇ ಒಂದು ಮಣೆ ಖಾಲಿ ಬಿದ್ದಿದ್ದರೂ ಅದಕ್ಕೆ ಶೀತ ಹಿಡಿಯುತ್ತದೆ, ಆ ಶೀತ ನೆಟ್ಟಗೆ ತನ್ನ ಮೂಗಿಗೆ ಬರುತ್ತದೆ ಅಂತ ಅವನ ನಂಬಿಕೆ. ಅದಕ್ಕೇ ಕಾನೂನು ಮಾಡಿದ್ದ: ತಲೆಗೊಂದು ಮಣೆ, ಮಣೆಗೊಂದು ತಲೆ. ಹೆಚ್ಚಿಲ್ಲ, ಕಮ್ಮಿಯಿಲ್ಲ.

ಆದರೂ ರಾಜ ಸೀನುತ್ತಿದ್ದ. ಆಕ್ಷಿ, ಆಕ್ಷಿ, ಆಕ್ಷಿ. ಒಂದಲ್ಲ, ಎರಡಲ್ಲ, ಯಾವಾಗಲೂ ಮೂರು.

“ಎಲ್ಲೋ ಮೂರು ಮಣೆ ಖಾಲಿ ಇವೆ!” ಅಂದ ರಾಜ. ಭಟರು ಹುಡುಕಿದರು. ನಾಲ್ಕು ಮಣೆಗೆ ಒಬ್ಬಳೇ ಹೆಂಗಸು ಇರುವ ಮನೆ ಸಿಕ್ಕಿತು. ಸಿರಿಯಕ್ಕನನ್ನೂ ಗಂಡನನ್ನೂ ಮಗಳನ್ನೂ ನಾಲ್ಕು ಮಣೆಗಳನ್ನೂ ಗಾಡಿಯಲ್ಲಿ ಹೇರಿಕೊಂಡು ಅರಮನೆಗೆ ಹೋದರು.

“ಇವು ಯಾರ ಮಣೆ?” ಕೇಳಿದ ರಾಜ.

“ನಮ್ಮವ್ವಂದು, ಮಹಾಸ್ವಾಮಿ” ಅಂದಳು ಜುಂಜಮ್ಮ.

“ನಾಲ್ಕೂ?”

“ನಾಲ್ಕೂ ನಮ್ಮವ್ವಂದೇ. ಆದರೆ ಮೂರು ನಮ್ಮವ್ವಂದಲ್ಲ.”

ರಾಜ ಮಂತ್ರಿಯ ಮುಖ ನೋಡಿದ. ಮಂತ್ರಿ ನೆಲ ನೋಡಿದ.

ಆಗ ಮಣೆಗಳೇ ಬಾಯಿಬಿಟ್ಟವು. ಮಣೆ ಮಾತಾಡುತ್ತದೆಯೇ ಅಂತ ಕೇಳಬೇಡಿ. ನೀವು ಮೇಲೆ ಕೂತಿರುವಾಗ ಅದಕ್ಕೆ ಉಸಿರು ಕಟ್ಟಿರುತ್ತದೆ, ಮಾತು ಹೇಗೆ ಬಂದೀತು? ಎದ್ದಮೇಲೆ ಮಾತಾಡುತ್ತದೆ.

“ನನ್ನ ಮೇಲೆ ಕೂರೋನು ಗಂಡಸು. ಕಲ್ಲು ಹೇರಿದ ಹಾಗೆ ಕೂರ್ತಾನೆ” ಅಂದಿತು ಹವಾಲ್ದಾರನ ಮಣೆ.

“ನನ್ನ ಮೇಲೆ ಕೂರೋಳು ಕೂರೋದೇ ಇಲ್ಲ, ಅಂಚಿಗೆ ಸೆರಗು ತಾಗಿಸ್ತಾಳೆ ಅಷ್ಟೆ” ಅಂದಿತು ದೊರೆಸಾನಿಯ ಮಣೆ.

“ನನ್ನ ಮೇಲಿನದು ಕಾಲಾಡಿಸುತ್ತೆ” ಅಂದಿತು ಚಿಟ್ಟಿಯ ಮಣೆ.

ರಾಜನಿಗೆ ಮತ್ತೆ ಮೂರು ಸೀನು ಬಂತು. “ಸರಿ, ನಾಲ್ಕು ಜನವೂ ಈಗಲೇ ಒಟ್ಟಿಗೆ ಕೂತು ತೋರಿಸಿ. ಆಗದಿದ್ದರೆ ಒಬ್ಬರು ಇರಬೇಕು, ಮೂವರು ಗಡಿ ದಾಟಬೇಕು.”

ಸಿರಿಯಕ್ಕ ಒಂದು ಮಣೆಯ ಮೇಲೆ ಕೂತಳು. ಎದ್ದಳು. ಹವಾಲ್ದಾರನಾಗಿ ಇನ್ನೊಂದರ ಮೇಲೆ ಕೂತಳು. ಅಷ್ಟರಲ್ಲಿ ಮೊದಲನೆಯದು ಖಾಲಿ. ಓಡಿದಳು, ಕೂತಳು, ಎದ್ದಳು, ಓಡಿದಳು. ಸಭೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾಲ್ಕನೇ ಸುತ್ತಿಗೆ ಅವಳಿಗೆ ತಲೆಸುತ್ತು ಬಂದು ನಾಲ್ಕು ಮಣೆಗಳ ನಡುವೆ ನೆಲದ ಮೇಲೆ ಕುಸಿದಳು.

“ಆಗಲಿಲ್ಲ. ಯಾರು ಇರಬೇಕು ಅಂತ ಮಗಳೇ ಹೇಳಲಿ” ಅಂದ ರಾಜ.

ಜುಂಜಮ್ಮ ನಾಲ್ಕೂ ಮಣೆ ನೋಡಿದಳು. ಅಪ್ಪನ ಕಡೆ ತಿರುಗಿದಳು. “ನಂಗೆ ನಾಲ್ಕು ಮಣೆ ಮಾಡಿಸೋದು ಗೊತ್ತಿತ್ತು, ಮಗಾ. ಒಂದು ಆರಿಸೋದು ಗೊತ್ತಿಲ್ಲ” ಅಂದ ಈರಗ್ಯಾತಯ್ಯ.

“ಸಿರಿಯಕ್ಕ ಇರಲಿ” ಅಂದಳು ಜುಂಜಮ್ಮ. ದಿನಾ ಅಂದುಕೊಂಡದ್ದನ್ನೇ ಅಂದಳು. ಆದರೆ ಅಂದಮೇಲೆ ಉಳಿದ ಮೂರು ಮಣೆಗಳತ್ತ ತಿರುಗಲಿಲ್ಲ.

ಸಿರಿಯಕ್ಕನ ಬೆನ್ನು ನೆಟ್ಟಗಾಯಿತು. ಹವಾಲ್ದಾರ್ ಕೊಂಡೋಜಿ ಸಲಾಮು ಹೊಡೆದ. “ಅಪ್ಪಣೆ. ಹೊರಟೆ. ಆದರೆ ಬಾಗಿಲು ಯಾರು ಕಾಯ್ತಾರೆ?” ಆಮೇಲೆ ದೊರೆಸಾನಿ ಸೆರಗು ಸರಿಮಾಡಿಕೊಂಡಳು. “ನಾವೂ ಹೊರಟೆವು. ಈ ಸಿಂಹಾಸನಕ್ಕೆ ಧೂಳು ಹಿಡಿದಿದೆ.”

ಉಳಿದವಳು ಚಿಟ್ಟಿ. ಅವಳು ಏಳಲೇ ಇಲ್ಲ.

“ನಂಗೆ ಹೋಗೋಕೆ ಆಗಲ್ಲ. ನನ್ ಹತ್ರ ಒಂದ್ ಕತ್ತಲೆ ಇದೆ. ಯಾರಾದ್ರೂ ಇಸ್ಕೊಂಡ್ರೆ ಹೋಗ್ತೀನಿ.”

“ಎಂಥ ಕತ್ತಲೆ?” ಕೇಳಿದಳು ಜುಂಜಮ್ಮ.

“ಹಗೇವಿಂದು. ಅಮ್ಮ ಸತ್ಲು ಅಂತ ಅಳ್ತಿದ್ನಲ್ಲ, ಸುಮ್ಮನಾಗಲಿ ಅಂತ ಮಾವ ನನ್ನನ್ನ ರಾಗಿ ತುಂಬೋ ಗುಂಡಿ ಇರುತ್ತಲ್ಲ, ಆ ಹಗೇವಿಗೆ ಇಳಿಸಿ ಮೇಲೆ ಚಪ್ಪಡಿ ಎಳೆದ. ಆಮೇಲೆ ಮರೆತ. ಎರಡು ದಿನ. ನೆಲದೊಳಗೆ ಕತ್ತಲೆ ಬಾಳ ಇರುತ್ತೆ. ಆಗ ಹವಾಲ್ದಾರ ಬಂದು ಚಪ್ಪಡಿಗೆ ಗುದ್ದಿದ. ದೊರೆಸಾನಿ ಬಂದು, ಇದು ಹಗೇವಲ್ಲ, ನಮ್ಮ ಅರಮನೆ ಅಂದ್ಳು. ಕತ್ತಲೆ ಯಾರಿಟ್ಕೋಬೇಕು ಅಂತ ಮಾತಾಯ್ತು. ಸಿರಿಯಕ್ಕ ದೊಡ್ಡೋಳಾಗಿ ಮದುವೆ ಆಗ್ಬೇಕಲ್ಲ, ಮಗು ಹೆರಬೇಕಲ್ಲ, ಅದಕ್ಕೆ ನಾನೇ ಇಟ್ಕೊಂಡೆ. ಅವಳಿಗೆ ಹೇಳಿಲ್ಲ. ನೀನೂ ಹೇಳ್ಬೇಡ.”

ಸಭೆಯಲ್ಲಿ ನಗು ನಿಂತಿತ್ತು. ಜುಂಜಮ್ಮನಿಗೆ ಲೆಕ್ಕವೇ ತಪ್ಪಿಹೋಯಿತು. ಈ ಮೂವರು ಇರದಿದ್ದರೆ ಅವ್ವ ಹಗೇವಿನಿಂದ ಎದ್ದು ಬರುತ್ತಲೇ ಇರಲಿಲ್ಲ. ಅವ್ವ ಬರದಿದ್ದರೆ ತಾನೂ ಇಲ್ಲ. ಇರದ ತಾನು ಇರುವವರನ್ನು ಗಡಿ ದಾಟಿಸುವುದು ಹೇಗೆ?

“ನನಗೆ ಕೊಡು” ಅಂತ ಎರಡೂ ಕೈ ಚಾಚಿದಳು.

“ತಡೆ!” ಅಂದ ರಾಜ. “ನನ್ನ ರಾಜ್ಯದಲ್ಲಿ ಜಾಗವಿಲ್ಲದ ವಸ್ತು ಯಾವುದಿದ್ದರೂ ಅದು ಅರಮನೆಗೆ ಸೇರಬೇಕು. ಒಂದು ಕತ್ತಲೆ ತಾನೆ? ನಾನು ಮಹಾರಾಜ. ಇಲ್ಲಿ ತಾ.”

ಚಿಟ್ಟಿ ಅವನ ಬೊಗಸೆಗೆ ಏನನ್ನೋ ಸುರಿದಳು. ಕಣ್ಣಿಗೆ ಏನೂ ಕಾಣಲಿಲ್ಲ. ಆದರೆ ರಾಜನ ಕೈ ಭಾರಕ್ಕೆ ಬಾಗಿತು. ಮುಖ ಬಿಳುಪಾಯಿತು. ಅವನು ಸಿಂಹಾಸನದಿಂದ ಜಾರಿ ಅದರ ಕೆಳಗೆ ನುಸುಳಿದ. ಒಳಗಿಂದ ಸಣ್ಣ ದನಿ ಬಂತು: “ಬಾಗ್ಲು ತೆಗೀರಿ. ನಾನು ಅಳಲ್ಲ. ಬಾಗ್ಲು ತೆಗೀರಿ.”

ಮಂತ್ರಿ ಬಗ್ಗಿ ನೋಡಿದ. “ಮಹಾಪ್ರಭು?”

“ನಾನು ಪ್ರಭು ಅಲ್ಲ. ನಾನು ಆಸು. ನಂಗೆ ಆರು ವರ್ಷ.”

“ಇವನು ಮೊದಲಿಂದಲೂ ಇದ್ದಾನೆ. ನಾನು ಯಾರಿಗೂ ಹೇಳಿರಲಿಲ್ಲ” ಅಂದಿತು ಸಿಂಹಾಸನ.

ಈಗ ಏನು ಮಾಡುವುದು? ರಾಜ ಇಬ್ಬರು, ಸಿಂಹಾಸನ ಒಂದು. ತಲೆಗೊಂದು ಮಣೆ ಅನ್ನುವ ಕಾನೂನಿನಂತೆ ಒಬ್ಬ ರಾಜ ಗಡಿ ದಾಟಬೇಕು. ಯಾವ ರಾಜ? ಮಂತ್ರಿ ಎರಡು ಓಲೆ ಬರೆದು ಎರಡನ್ನೂ ಹರಿದ.

ಚಿಟ್ಟಿಯೇ ಸಿಂಹಾಸನದ ಕೆಳಗೆ ತೆವಳಿ ಹೋದಳು. “ಕೊಡು ಆಸು, ನಂಗೆ ರೂಢಿ ಇದೆ” ಅಂದಳು. ಜುಂಜಮ್ಮನೂ ಹಿಂದೆಯೇ ತೆವಳಿದಳು. “ಅಷ್ಟನ್ನೂ ನೀನೊಬ್ಬಳೇ ತಗೋಬೇಡ, ಒಂದು ಮೂಲೆ ನಾನು ಹಿಡ್ಕೋತೀನಿ” ಅಂದಳು. ಕತ್ತಲೆಗೆ ಮೂಲೆ ಇರುತ್ತದೆಯೋ ಇಲ್ಲವೋ. ಜುಂಜಮ್ಮ ಹಿಡಿದಳು, ಅದು ಸಿಕ್ಕಿತು. ಈರಗ್ಯಾತಯ್ಯನೂ ಬಂದು ಕೈ ಹಾಕಿದ.

ರಾಜ ಈಚೆಗೆ ಬಂದು ಕಿರೀಟ ಇಟ್ಟುಕೊಂಡ. ತಿರುಗುಮುರುಗಾಗಿ ಇಟ್ಟುಕೊಂಡ.

“ಕಾನೂನು ತಿದ್ದಿ. ತಲೆಗೆ ಎಷ್ಟು ಮಣೆ ಬೇಕೋ ಅಷ್ಟು. ಇಲ್ಲಿಗೊಂದು ಸಣ್ಣ ಮಣೆ ತನ್ನಿ, ಸಿಂಹಾಸನದ ಪಕ್ಕಕ್ಕೆ.”

“ಅದು ಖಾಲಿ ಇದ್ದಾಗ ತಮಗೆ ಸೀನು ಬಂದರೆ?” ಕೇಳಿದ ಮಂತ್ರಿ.

“ಬರಲಿ ಬಿಡಿ, ಸೀನ್ತೀನಿ” ಅಂದ ರಾಜ.

ಮನೆಗೆ ಹೊರಟರು. ಗಾಡಿ ಕೊಡುವುದು ಯಾರಿಗೂ ನೆನಪಾಗಲಿಲ್ಲ. ದಾರಿಯುದ್ದಕ್ಕೂ ಹುಚ್ಚೆಳ್ಳಿನ ಹೂವು ಹಳದಿಯಾಗಿ ಹರಡಿತ್ತು. ಈರಗ್ಯಾತಯ್ಯ ನಾಲ್ಕೂ ಮಣೆಗಳ ತಲೆಹೊರೆ ಹೊತ್ತು ಮುಂದೆ ಹೋಗುತ್ತಿದ್ದ. ಹಿಂದೆ ನಡೆಯುತ್ತಿದ್ದ ಜುಂಜಮ್ಮನ ಕೈಯನ್ನು ಒಂದು ಕೈ ಹಿಡಿಯಿತು. ಬಿಗಿಯಾಗಿಯೂ ಇತ್ತು, ಬೆವೆತೂ ಇತ್ತು, ಸ್ವಲ್ಪ ಬಿಂಕವೂ ಇತ್ತು.

“ಯಾರು?” ಕೇಳಿದಳು ಜುಂಜಮ್ಮ.

“ನಿಂಗೆ ಯಾರು ಬೇಕಿತ್ತು?”

ಜುಂಜಮ್ಮ ಯೋಚನೆ ಮಾಡಿದಳು. ಯೋಚನೆ ಮಾಡಿದಷ್ಟೂ ಗೋಜಲಾಯಿತು. “ಗೊತ್ತಿಲ್ಲ” ಅಂದಳು.

“ನಂಗೂ ಗೊತ್ತಿಲ್ಲ. ನಡಿ, ಬಿಸಿಲು ಏರ್ತಾ ಇದೆ.”

ಇಬ್ಬರೂ ನಡೆದರು. ಇಬ್ಬರೋ, ಐವರೋ, ಬದುವಿನ ಮೇಲೆ ನಿಂತು ನೋಡಿದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇದರ ನೀತಿ ಏನು ಅಂತ ಕೇಳುತ್ತೀರಿ. ಹೇಳುತ್ತೇನೆ, ಆದರೆ ಕೇಳುತ್ತಿರುವವರು ನಿಮ್ಮೊಳಗೆ ಯಾರು ಅಂತ ಮೊದಲು ತಿಳಿದುಕೊಂಡು ಬನ್ನಿ. ಅಲ್ಲಿಯವರೆಗೆ ಕತೆ ಅಡ್ಡತಿಟ್ಟಿನಲ್ಲಿರಲಿ, ನಾವು ನಮ್ಮ ನಮ್ಮ ಜಗಲಿಯಲ್ಲಿರೋಣ.