ಮೀಸೆ ತಾಕುವವರೆಗೆ

ದೇವರ ದಯೆಯಿಂದ ಚಿಗುರಿ ಎಂಬ ಎಳೆಯ ಇರುವೆಗೆ ದೊಡ್ಡ ಗೂಡೊಂದರಲ್ಲಿ ಕೆಲಸ ಸಿಕ್ಕಿತು. "ನಿಧಾನಿಗಳನ್ನು ಅಲ್ಲಿ ಇಟ್ಟುಕೊಳ್ಳುವುದಿಲ್ಲವಂತೆ" ಎಂದು ಗೆಳತಿಯರು ಹೆದರಿಸಿದ್ದರು. ಮೊದಲ ದಿನ ಬೆಲ್ಲದ ದಾರಿ ಕಲಿಸಲು ಹಿರಿಯ ಇರುವೆ ಮುಂದೆ ನಡೆದಳು. ಚಿಗುರಿ ತನ್ನ ಮೀಸೆಯಿಂದ ಅವಳ ಬೆನ್ನು ಮುಟ್ಟುತ್ತ ಹಿಂದೆ ಹೊರಟಳು. ತಿರುವಿನಲ್ಲಿ ಗುರುತಿಗೆಂದು ಕಲ್ಲೊಂದನ್ನು ನೋಡುತ್ತ ನಿಂತೇಬಿಟ್ಟಳು. ಎಚ್ಚರವಾದಾಗ ಮೀಸೆಗೆ ಹಿರಿಯಳ ಬೆನ್ನು ಸಿಗಲಿಲ್ಲ. "ಅಯ್ಯೋ ಸ್ವಾಮಿ, ಕೆಲಸ ಹೋಯಿತು!" ಎಂದು ಓಡಿದರೆ, ಹಿರಿಯಳು ಅಲ್ಲೇ ಮುಂದೆ ಸುಮ್ಮನೆ ನಿಂತಿದ್ದಳು.

"ತಪ್ಪಾಯಿತು ಅಕ್ಕ. ರಾಣಿಯಮ್ಮನಿಗೆ ಹೇಳುತ್ತೀರಾ?"

"ಏನೆಂದು ಹೇಳಲಿ? ಹುಡುಗಿ ದಾರಿ ನೋಡಿಕೊಂಡು ಬಂದಳು ಎಂದೇ? ನಿನ್ನ ಮೀಸೆ ಬೆನ್ನಿಗೆ ತಾಕುವವರೆಗೆ ನಾನು ಕದಲುವಂತಿಲ್ಲ ಕಣಮ್ಮ. ಇಲ್ಲಿ ಕಲಿಸುವವರಿಗೆ ಅದೇ ನೇಮ."

ಕಾಯುವ ಗುರುವನ್ನು ಕೊಟ್ಟ ಭಗವಂತನನ್ನು ನೆನೆದು ಚಿಗುರಿ ಮೀಸೆ ತಾಕಿಸಿದಳು. ಹಿರಿಯಳು ಹೆಜ್ಜೆ ಎತ್ತಿದಳು.